ಕಣಕಟ್ಟೆಯ ತಾಯಂದಿರು ಹೇಳಿದ್ದು

ದೆಹಲಿ
೧೨ ಜೂನ್ ೧೯೫೮

ಯದುಗಿರಿ ಅಕ್ಕನಿಗೆ ಸಂಪತ್ತುವಿನ ನಮಸ್ಕಾರ.

ಇಲ್ಲಿಯ ಬಿಸಿಲಿಗೆ ಕುರ್ಚಿಯ ಕೈ ಮುಟ್ಟಿದರೂ ಸುಡುತ್ತದೆ. ಅದು ಬಿಟ್ಟರೆ ನಾವು ಮೂವರೂ ಸುಖವಾಗಿದ್ದೇವೆ. ಈ ಸಲದ ಕಾಗದ ಬರೀ ಯೋಗಕ್ಷೇಮದ್ದಲ್ಲ, ನಿನಗೂ ಸಂಬಂಧಪಟ್ಟ ವಿಷಯವೊಂದಿದೆ.

ನಮ್ಮ ಸಂಸ್ಥೆಯವರು ಮೊದಲ ಬಾರಿಗೆ ಒಂದು ಅಧ್ಯಯನವನ್ನು ಪೂರ್ತಿಯಾಗಿ ನನ್ನ ಕೈಗೆ ಒಪ್ಪಿಸಿದ್ದಾರೆ. ತಾಯಂದಿರು ಕೂಲಿಗೆ ಹೋದಾಗ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ? ಸರ್ಕಾರ ಹಳ್ಳಿಗಳಲ್ಲಿ ತೆರೆದಿರುವ ಶಿಶುವಿಹಾರಗಳಿಂದ ಆ ಮಕ್ಕಳಿಗೆ ಏನಾದರೂ ಒಳ್ಳೆಯದಾಗಿದೆಯೇ? ಇವುಗಳನ್ನು ಮುಂದುವರಿಸಬೇಕೇ, ಮುಚ್ಚಬೇಕೇ? ಇದನ್ನು ನಾನು ಹೇಳಬೇಕು. ಅರ್ಥಶಾಸ್ತ್ರ ಓದಿದವನಿಗೆ ಮಕ್ಕಳ ಮೂಗು ಒರೆಸುವ ವಿಷಯದಲ್ಲಿ ಏನು ಕೆಲಸ ಎಂದು ನೀನು ನಗುತ್ತೀಯ, ಗೊತ್ತು. ಆದರೆ ದೇಶದ ಕೂಲಿಯಲ್ಲಿ ಅರ್ಧ ಹೆಂಗಸರದು, ಅವರ ಕಂಕುಳಲ್ಲಿ ಮಗು ಇದ್ದೇ ಇರುತ್ತದೆ. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಅರ್ಥಶಾಸ್ತ್ರ ಎಂಥದ್ದು ಎಂದು ನಾನು ಇಲ್ಲಿ ಜಗಳವಾಡಿಯೇ ಈ ಕೆಲಸ ಗಿಟ್ಟಿಸಿದ್ದು.

ಶಿಶುವಿಹಾರ ಇರುವ ಕೆಲವು ಊರು, ಇಲ್ಲದ ಕೆಲವು ಊರು. ಎರಡು ಕಡೆಯೂ ತಾಯಂದಿರಿಗೆ ಅದದೇ ಪ್ರಶ್ನೆ ಕೇಳಿ ಹೋಲಿಸುವುದು ನನ್ನ ಕ್ರಮ. ಅರಸೀಕೆರೆ ತಾಲ್ಲೂಕಿನ ಚೀಟಿ ಎತ್ತಿದಾಗ ನಿನ್ನ ಕಣಕಟ್ಟೆಯೂ ಬಂತು. ನಾನಾಗಿ ಸೇರಿಸಿದ್ದಲ್ಲ. ನೀನು ನನ್ನ ಅಕ್ಕ ಎಂದು ಇಲ್ಲಿ ಯಾರಿಗೂ ಹೇಳಿಲ್ಲ, ಅಲ್ಲಿ ನೀನೂ ಹೇಳಬೇಡ.

ಮುಂದಿನ ತಿಂಗಳು ಏಕಾಂತಯ್ಯ ಎಂಬ ಹುಡುಗ ಬಂದು ತಾಯಂದಿರನ್ನು ಮಾತಾಡಿಸುತ್ತಾನೆ. ಆಗ ನೀನು ಮಧ್ಯೆ ಬಾಯಿ ಹಾಕಬೇಡ. ಅವರು ಹೇಳಿದ್ದನ್ನು ತಿದ್ದಬೇಡ, ನಗಬೇಡ, ಕಣ್ಸನ್ನೆ ಮಾಡಬೇಡ. ನನಗೆ ಬೇಕಾದದ್ದು ತಾಯಿಯ ಬಾಯಿಂದ ಬಂದ ಮಾತು. ಅದಕ್ಕಿಂತ ದೊಡ್ಡ ಸಾಕ್ಷಿ ಈ ವಿಷಯದಲ್ಲಿ ಯಾವುದಿದೆ?

ನಿನ್ನ ಶಿಶುವಿಹಾರ ಹೇಗೆ ನಡೆಯುತ್ತಿದೆ, ಬರಿ.

ನಿನ್ನ ತಮ್ಮ
ಸಂಪತ್ಕುಮಾರ್


ಕಣಕಟ್ಟೆ
೩ ಆಗಸ್ಟ್ ೧೯೫೮

ಚಿರಂಜೀವಿ ಸಂಪತ್ತುವಿಗೆ ಅಕ್ಕ ಮನಸಾರೆ ಹರಸಿ ಬರೆಯುವುದು.

ನಿನ್ನ ಏಕಾಂತಯ್ಯ ಬಂದು ಹೋದ. ಒಳ್ಳೆಯ ಹುಡುಗ, ಪಾಪ. ಇಸ್ತ್ರಿ ಮಾಡಿದ ಪ್ಯಾಂಟು ಹಾಕಿಕೊಂಡು, ಶಿಶುವಿಹಾರದ ಪಕ್ಕದ ಕೊಬ್ಬರಿ ವ್ಯಾಪಾರಿ ಗಂಗಾಧರಪ್ಪನವರ ಅಂಗಳದಲ್ಲಿ ಎಲ್ಲಿ ಕೂರಬೇಕೋ ತಿಳಿಯದೆ ಒದ್ದಾಡಿದ. ಅವರ ಹೆಂಡತಿ ಗುರುಸಿದ್ದಮ್ಮನವರು ಒಂದು ಮಣೆ ತಂದು ಹಾಕಿದ ಮೇಲೆ ಅವನ ಮುಖಕ್ಕೆ ಕಳೆ ಬಂತು.

ಮೊದಲು ಮಕ್ಕಳನ್ನು ತೂಕ ಮಾಡಬೇಕೆಂದ. ಅದಕ್ಕಾಗಿ ಕೊಬ್ಬರಿ ತೂಗುವ ತಕ್ಕಡಿಯನ್ನು ಗಂಗಾಧರಪ್ಪನವರಿಂದ ಕೇಳಿ ಈಸಿಕೊಂಡ. ತಕ್ಕಡಿ ತೂಗುಹಾಕಿದ್ದೇ ತಡ, ಹೆಂಗಸರೆಲ್ಲ ಮಕ್ಕಳನ್ನು ಬಾಚಿಕೊಂಡು ಎದ್ದುಬಿಟ್ಟರು. "ನಮ್ ಮಕ್ಳೇನು ಕೊಬ್ಬರಿಯಾ, ತೂಗಿ ಮಾರಾಕೆ?" ಎಂದು ಅವನನ್ನೇ ದಬಾಯಿಸಿದರು. ತಕ್ಕಡಿ ಒಳಗೆ ಹೋದ ಮೇಲೆಯೇ ಅವರು ಮತ್ತೆ ಕೂತದ್ದು. ಬೇರೆ ಊರುಗಳಲ್ಲಿಯೂ ಹೀಗೇ ಆಯಿತಂತೆ.

ಆಮೇಲೆ ಪ್ರಶ್ನೆ ಶುರುವಾಯಿತು. ಮೊದಲು ರಂಗಮ್ಮ. ಕೊಬ್ಬರಿ ಸುಲಿಯಲು ಬರುವ ಹೆಂಗಸರಲ್ಲಿ ಅವಳ ಬಾಯೇ ದೊಡ್ಡದು. ಮಗ ರೇವಣನನ್ನು ಸೆರಗಿನೊಳಗೆ ಮುಚ್ಚಿಕೊಂಡು ಕೂತಳು.

"ಮಗು ಹೇಗಿದೆಯಮ್ಮಾ?" ಎಂದು ಕೇಳಿದ.

"ಏನ್ ಹೇಳಾನ ಸ್ವಾಮಿ, ಬರೀ ಮೂಳೆ ಚಕ್ಕಳ. ಉಣ್ಣಾಕಿಲ್ಲ, ತಿನ್ನಾಕಿಲ್ಲ."

"ಶಿಶುವಿಹಾರಕ್ಕೆ ಬಿಟ್ಟ ಮೇಲೆ ಸುಧಾರಿಸಿಲ್ಲವೇ?"

"ಎಲ್ಲಿ ಸುದಾರಿಸ್ತದೆ. ಆವಾಗ್ಲೂ ಹಂಗೇ, ಈವಾಗ್ಲೂ ಹಂಗೇ. ನಮ್ ಹಣೇಬರ."

ಉಳಿದವರದೂ ಅದೇ ರಾಗ. ಒಬ್ಬಳು ತನ್ನ ಮಗಳಿಗೆ ಬುದ್ಧಿಯೇ ಇಲ್ಲವೆಂದಳು, ಇನ್ನೊಬ್ಬಳು ಮಗ ದಿನವೂ ನೆಗಡಿಯಲ್ಲೇ ಇರುತ್ತಾನೆ ಎಂದಳು. ಏಕಾಂತಯ್ಯ ಒಂದಕ್ಷರ ಬಿಡದೆ ಬರೆದುಕೊಂಡ. ನೀನು ಹೇಳಿದಂತೆ ನಾನು ಬಾಯಿ ಬಿಡಲಿಲ್ಲ. ಆದರೆ ನಿನ್ನಿಂದ ಮುಚ್ಚಿಡುವುದೇಕೆ, ಸ್ವಲ್ಪ ನೋವಾಯಿತು. ಆ ರೇವಣನಿಗೆ ಬೆಳಿಗ್ಗೆ ಹಾಲು ಕುಡಿಸುವವಳು ನಾನು. ಅಷ್ಟಾದರೂ ಹೇಳಬಹುದಿತ್ತು. ಹೋಗಲಿ ಬಿಡು.

ಸರ್ಕಾರದ ನಿಯಮದಂತೆ ಅಷ್ಟು ಚಿಕ್ಕ ಕೂಸನ್ನು ನಾನು ಸೇರಿಸಿಕೊಳ್ಳುವ ಹಾಗಿಲ್ಲ. ಸೇರಿಸಿಕೊಳ್ಳದಿದ್ದರೆ ರಂಗಮ್ಮನ ಮಗಳು ಮುದ್ದಿ ಅದನ್ನು ದಿನವಿಡೀ ಸೊಂಟದ ಮೇಲೆ ಹೊತ್ತು ತಿರುಗಬೇಕು. ಈಗ ಅವಳು ಮೂರನೇ ಕ್ಲಾಸಿಗೆ ಹೋಗುತ್ತಾಳೆ. ಮಧ್ಯಾಹ್ನ ಒಂದು ಸಲ ಬಾಗಿಲಲ್ಲಿ ಇಣುಕಿ, ತಮ್ಮ ನೋಡಿಬಿಟ್ಟರೆ ಎತ್ತಿಕೊಳ್ಳಬೇಕಾದೀತೆಂದು ಹೆದರಿ ಓಡಿಬಿಡುತ್ತಾಳೆ. ಕಳ್ಳಿ!

ನನ್ನ ಶಿಶುವಿಹಾರದ ವಿಷಯ ಕೇಳಿದ್ದೀಯ. ಹೇಳಿಕೊಳ್ಳುವಂಥದ್ದೇನಿಲ್ಲ. ಹೇಗೋ ನಡೆಯುತ್ತಿದೆ. ನಿಮ್ಮ ಭಾವ ಹೋದ ಮೇಲೆ ಬೇಲೂರಿನಲ್ಲಿ ಕನಕಲಕ್ಷ್ಮಿ ಅತ್ತೆಯ ಅಡಿಗೆಮನೆ ಸೇರಿದ್ದವಳನ್ನು ಹಟ ಹಿಡಿದು ತರಬೇತಿಗೆ ಕಳಿಸಿದವನು ನೀನು. ಆ ಹೊಗೆಯಿಂದ ಹೊರಗೆ ಬಂದೆನಲ್ಲ, ನನಗೆ ಅಷ್ಟು ಸಾಕು.

ನಿನ್ನ ಅಕ್ಕ
ಯದುಗಿರಿ


ದೆಹಲಿ
೨೦ ಡಿಸೆಂಬರ್ ೧೯೫೮

ಪ್ರೀತಿಯ ಅಕ್ಕ,

ತಡವಾಗಿ ಬರೆಯುತ್ತಿದ್ದೇನೆ. ಬರೆಯಲು ಕೂತಾಗಲೆಲ್ಲ ಹೇಗೆ ಹೇಳುವುದೆಂದು ತೋಚದೆ ಕಾಗದ ಮಡಿಸಿಟ್ಟೆ.

ಎಲ್ಲ ಊರುಗಳ ಉತ್ತರಗಳನ್ನೂ ಹೋಲಿಸಿ ನೋಡಿದ್ದಾಯಿತು. ಶಿಶುವಿಹಾರ ಇರುವ ಊರಿಗೂ ಇಲ್ಲದ ಊರಿಗೂ ಮಕ್ಕಳ ಸ್ಥಿತಿಯಲ್ಲಿ ಏನೂ ವ್ಯತ್ಯಾಸವಿಲ್ಲ. ಅಲ್ಲಿಯೂ ಮೂಳೆ ಚಕ್ಕಳ, ಇಲ್ಲಿಯೂ ಮೂಳೆ ಚಕ್ಕಳ. ನನಗೆ ಬೆರಗಾದದ್ದು ಏನೆಂದರೆ, ಬಾಣಾವರದ ಕಡೆಯ ತಾಯಿಯೂ ಹಗರೆಯ ತಾಯಿಯೂ ಒಬ್ಬರನ್ನೊಬ್ಬರು ಕಂಡವರಲ್ಲ, ಆದರೂ ಪಾಠ ಒಪ್ಪಿಸಿದಂತೆ ಒಂದೇ ಮಾತು ಹೇಳಿದ್ದಾರೆ. ಇಷ್ಟು ಗಟ್ಟಿಯಾದ ಸಾಕ್ಷ್ಯ ನಮ್ಮ ಕಸುಬಿನಲ್ಲಿ ಅಪರೂಪ. ನಮ್ಮ ನಿರ್ದೇಶಕರೂ ಹಾಗೇ ಅಂದರು.

ಏಕಾಂತಯ್ಯನಿಗೆ ಮಾತ್ರ ಅನುಮಾನ. ಹೆಂಗಸರು ಹೇಳಿದ್ದನ್ನು ಹಾಗೇ ನಂಬಬಹುದೇ ಎಂದು ಕೇಳಿದ. ನಾನು ಅವನಿಗೆ ನಮ್ಮ ಅಮ್ಮನ ಉದಾಹರಣೆ ಕೊಟ್ಟೆ. ನಾನು ಪರೀಕ್ಷೆಯಲ್ಲಿ ಮೊದಲು ಬಂದ ದಿನ ಸಹ ಅಮ್ಮ ಪಕ್ಕದ ಮನೆಯ ಜಾನಕಮ್ಮನವರಿಗೆ, "ಇವನು ಮಂಕು ಕಣ್ರೀ, ಏನೋ ಅದೃಷ್ಟಕ್ಕೆ ಬಂತು" ಎಂದಳು. ನನ್ನೆದುರಿಗೇ. ತಾಯಿ ಆದವಳು ಮಗುವಿನ ಕೊರತೆಯನ್ನು ಮುಚ್ಚಿಡುವವಳಲ್ಲ ಎಂದು ನನ್ನಷ್ಟು ಬಲ್ಲವರು ಯಾರು? ಆ ಮಾತಿನ ಉರಿಗೇ ನಾನು ಇಷ್ಟು ದೂರ ಓದಿಕೊಂಡು ಬಂದದ್ದು.

ಅಕ್ಕ, ಇದು ನಿನ್ನ ಮೇಲಿನ ಮಾತಲ್ಲ. ನೀನು ಕಷ್ಟಪಟ್ಟಿರುತ್ತೀಯ. ಆದರೆ ಫಲ ಕಾಣದ ಕಡೆ ಸರ್ಕಾರ ಖರ್ಚು ಮಾಡಬಾರದು, ಬಾವಿ ತೋಡಿಸಲಿ, ಔಷಧ ಕಳಿಸಲಿ ಎಂದು ನಾನು ಬರೆಯಲೇಬೇಕು. ಒಡಹುಟ್ಟಿದವಳು ಎಂದು ಕೈ ತಡೆದರೆ ನಾನು ಓದಿದ್ದೇಕೆ? ನೀನಾದರೂ ಒಪ್ಪುತ್ತೀಯ ಎಂದುಕೊಂಡಿದ್ದೇನೆ. ನಿನ್ನ ಕಾಗದದಲ್ಲಿ ನೀನೇ ಹೇಳಿಕೊಳ್ಳುವಂಥದ್ದೇನಿಲ್ಲ ಎಂದು ಬರೆದಿದ್ದೆಯಲ್ಲ.

ನಿನ್ನ
ಸಂಪತ್ತು


ಕಣಕಟ್ಟೆ
೧೧ ಜನವರಿ ೧೯೫೯

ಚಿರಂಜೀವಿ ಸಂಪತ್ತುವಿಗೆ,

ಕಾಗದ ತಲುಪಿತು. ನಿನಗೆ ಸರಿ ಕಂಡದ್ದನ್ನು ಬರಿ. ನನ್ನನ್ನು ಕೇಳುವುದೇನಿದೆ, ನನ್ನ ಕೆಲಸವನ್ನು ನಾನೇ ಹೊಗಳಿಕೊಳ್ಳಲು ಆಗುತ್ತದೆಯೇ?

ಅಷ್ಟು ಜನ ತಾಯಂದಿರು ಹಾಗೆ ಹೇಳಿದ್ದಾರೆಂದರೆ ಇದ್ದರೂ ಇರಬಹುದು. ನನ್ನ ಕಣ್ಣಿಗೆ ಮಕ್ಕಳು ಚೆನ್ನಾಗಿ ಕಾಣುತ್ತಿದ್ದವು. ಸ್ವಂತಕ್ಕೆ ಮಕ್ಕಳಿಲ್ಲದವಳು, ನನಗೇನು ತಿಳಿಯುತ್ತದೆ.

ಸಂಕ್ರಾಂತಿಗೆ ಎಳ್ಳು ಹುರಿಯಬೇಕು, ಇಲ್ಲಿಗೆ ನಿಲ್ಲಿಸುತ್ತೇನೆ. ನಿನ್ನ ಮಗಳಿಗೆ ಸಕ್ಕರೆ ಅಚ್ಚು ಕಳಿಸೋಣವೆಂದರೆ ದಾರಿಯಲ್ಲಿ ಪುಡಿಯಾಗುತ್ತದೆ.

ಯದುಗಿರಿ


ದೆಹಲಿ
೨೮ ಜುಲೈ ೧೯೫೯

ಪ್ರೀತಿಯ ಅಕ್ಕ,

ಯುಗಾದಿಗೂ ನಿನ್ನ ಕಾಗದವಿಲ್ಲ. ನಾನು ಬರೆದ ಎರಡು ಕಾಗದಕ್ಕೂ ಉತ್ತರವಿಲ್ಲ. ಕೋಪವೇ?

ಫೆಬ್ರವರಿಯಲ್ಲೇ ಸರ್ಕಾರಕ್ಕೆ ಸಲ್ಲಿಸಿದ್ದ ನನ್ನ ವರದಿ ಈಗ ಅಚ್ಚಾಗಿ ಬಂದಿದೆ. ತಾಯಂದಿರ ಮಾತನ್ನೇ ಆಧಾರವಾಗಿಟ್ಟುಕೊಂಡ ಮೊದಲ ವರದಿ ಎಂದು ದೊಡ್ಡವರು ಮೆಚ್ಚಿಕೊಂಡಿದ್ದಾರೆ. ಬೇರೆ ರಾಜ್ಯಗಳಿಂದಲೂ ಕೇಳಿ ಬರೆದಿದ್ದಾರೆ. ಮನೆಯಲ್ಲಿ ಹೇಳಿಕೊಳ್ಳಲು ಅಮ್ಮ ಇಲ್ಲ, ನಿನಗೆ ಹೇಳುತ್ತಿದ್ದೇನೆ. ಸರ್ಕಾರಗಳು ವರದಿ ಓದಿ ಕೆಲಸ ಮಾಡುವುದು ಆಮೆಯ ನಡಿಗೆ, ಆದ್ದರಿಂದ ನಿನ್ನ ಶಿಶುವಿಹಾರಕ್ಕೆ ಸದ್ಯಕ್ಕೆ ಏನೂ ಆಗುವುದಿಲ್ಲ. ಆದರೂ ನನ್ನ ಮನಸ್ಸು ತಡೆಯದೆ ಮಕ್ಕಳಿಗೆ ಬಣ್ಣದ ಚಿತ್ರದ ಪುಸ್ತಕಗಳನ್ನೂ ಮರದ ತುಂಡುಗಳ ಒಂದು ಪೆಟ್ಟಿಗೆಯನ್ನೂ ಪಾರ್ಸೆಲ್ ಮಾಡಿದ್ದೇನೆ.

ನನ್ನ ಸಹೋದ್ಯೋಗಿ ಸುಂದರರಾಜ ಮುಂದಿನ ತಿಂಗಳ ಕೊನೆಗೆ ಬೇಲೂರು ಹಳೇಬೀಡು ನೋಡಲು ಬರುತ್ತಿದ್ದಾನೆ. ಬರುವಾಗ ಕಣಕಟ್ಟೆಯ ಶಿಶುವಿಹಾರವನ್ನೂ ನೋಡುತ್ತಾನಂತೆ. ನೀನು ಯಾರೆಂದು ಅವನಿಗೂ ಹೇಳಿಲ್ಲ. ಒಂದು ಲೋಟ ಕಾಫಿ ಕೊಡು, ಸಾಕು.

ನಿನ್ನ
ಸಂಪತ್ತು


ಕಣಕಟ್ಟೆ
೧೯ ಆಗಸ್ಟ್ ೧೯೫೯

ಚಿರಂಜೀವಿ ಸಂಪತ್ತುವಿಗೆ ಅಕ್ಕನ ಹರಕೆ.

ಪಾರ್ಸೆಲ್ ಬಂತು. ಪುಸ್ತಕಗಳು ಬಹಳ ಚೆನ್ನಾಗಿವೆ. ಆನೆಯ ಚಿತ್ರವಂತೂ ಜೀವವಿದ್ದ ಹಾಗೇ ಇದೆ. ಮಕ್ಕಳು ಅವರವರ ಮನೆಗಳಲ್ಲಿ ಇದ್ದಾರೆ.

ನಿನ್ನ ವರದಿಯನ್ನು ದೊಡ್ಡವರು ಮೆಚ್ಚಿದ್ದು ಕೇಳಿ ಸಂತೋಷವಾಯಿತು. ನನಗೆ ಕೋಪವೆಲ್ಲಿಂದ ಬರಬೇಕು. ಕೆಲಸ ಜಾಸ್ತಿ ಇತ್ತು, ಬರೆಯಲಾಗಲಿಲ್ಲ.

ನಿನ್ನ ಸ್ನೇಹಿತರಿಗೆ ಕಣಕಟ್ಟೆಗೆ ಬರುವುದು ಬೇಡವೆಂದು ಹೇಳು. ಮಳೆಗೆ ರಸ್ತೆ ಹಾಳಾಗಿದೆ. ನಾನೂ ಆ ಹೊತ್ತಿಗೆ ಬೇಲೂರಿಗೆ ಹೋಗಿರುತ್ತೇನೆ. ಅತ್ತೆಗೆ ಕಾಲು ನೋವಂತೆ, ಒಂದಷ್ಟು ದಿನ ಅಲ್ಲೇ ಇರಬೇಕಾಗಬಹುದು. ಮುಂದಿನ ಕಾಗದ ಬೇಲೂರಿನ ವಿಳಾಸಕ್ಕೇ ಬರಿ.

ಯದುಗಿರಿ


ದೆಹಲಿ
೫ ಅಕ್ಟೋಬರ್ ೧೯೫೯

ಅಕ್ಕ,

ನೀನು ನನ್ನಿಂದ ಮುಚ್ಚಿಟ್ಟೆ.

ಸುಂದರರಾಜ ಕಣಕಟ್ಟೆಗೆ ಹೋಗಿದ್ದ. ರಸ್ತೆ ಚೆನ್ನಾಗಿಯೇ ಇತ್ತಂತೆ. ಶಿಶುವಿಹಾರದ ಬಾಗಿಲಿಗೆ ಬೀಗ, ಕಿಟಕಿಯಲ್ಲಿ ನೋಡಿದರೆ ಒಳಗೆ ಸೂರಿನವರೆಗೂ ತೆಂಗಿನಕಾಯಿ. ಏಪ್ರಿಲಿನಲ್ಲೇ ಮುಚ್ಚಿದರು ಎಂದು ಅಲ್ಲಿಯವರು ಹೇಳಿದರಂತೆ. ಏಪ್ರಿಲ್! ನಾನು ಜುಲೈನಲ್ಲಿ ಮರದ ತುಂಡುಗಳ ಪೆಟ್ಟಿಗೆ ಕಳಿಸಿದ್ದೇನೆ. ಅದನ್ನು ಬಿಚ್ಚುವಾಗ ನಿನಗೆ ಏನೆನಿಸಿತೋ ಎಂದು ನೆನೆದರೆ ತಲೆ ತಗ್ಗುತ್ತದೆ. ಯಾಕೆ ಒಂದು ಮಾತು ಬರೆಯಲಿಲ್ಲ?

ಇನ್ನೊಂದು ವಿಷಯ. ಪಕ್ಕದ ಕೊಬ್ಬರಿ ಅಂಗಳದಲ್ಲಿ ಒಬ್ಬ ಹೆಂಗಸು ಶಿಶುವಿಹಾರವನ್ನು ಬಾಯಿ ತುಂಬ ಹೊಗಳಿದಳಂತೆ, ಮುಚ್ಚಿದವರಿಗೆ ಹಿಡಿ ಶಾಪ ಹಾಕಿದಳಂತೆ. ಹೆಸರು ರಂಗಮ್ಮ. ಹತ್ತಿರದಲ್ಲೇ ಒಂದು ಹುಡುಗಿ ಮಗುವನ್ನು ಸೊಂಟದಲ್ಲಿಟ್ಟುಕೊಂಡು ನಿಂತಿತ್ತಂತೆ. ಇವಳೇ ತಾನೆ ಏಕಾಂತಯ್ಯನ ಮುಂದೆ, ಆವಾಗಲೂ ಹಾಗೇ ಈವಾಗಲೂ ಹಾಗೇ ಅಂದವಳು? ಈಗ ಚೆನ್ನಾಗಿತ್ತು ಎನ್ನುವವಳು ಆಗ ಯಾಕೆ ಸುಳ್ಳು ಹೇಳಿದಳು? ನಾನು ನಂಬಿದ್ದು ಅವರ ಮಾತನ್ನು. ಮುಚ್ಚಿದ್ದು ನಾನಲ್ಲ, ಅವರ ಮಾತು. ಇದಕ್ಕೆ ನಾನು ಹೇಗೆ ಹೊಣೆ?

ಉತ್ತರ ಬರಿ. ಈ ಸಲ ನಿಜ ಬರಿ.

ಸಂಪತ್ತು


ಬೇಲೂರು
೨೫ ಅಕ್ಟೋಬರ್ ೧೯೫೯

ಸಂಪತ್ತು,

ನಿಜವನ್ನೇ ಬರೆಯುತ್ತೇನೆ. ಕೂತು ಓದು.

ಸುಂದರರಾಜ ಬಂದ ದಿನ ನಾನು ಕಣಕಟ್ಟೆಯಲ್ಲೇ ಇದ್ದೆ. ಬೇಲೂರಿಗೆ ಹೊರಡಲು ಗಂಟು ಕಟ್ಟುತ್ತಿದ್ದೆ. ಅವರ ದನಿ ಕೇಳಿ ಗುರುಸಿದ್ದಮ್ಮನವರ ಅಡಿಗೆಮನೆಯಲ್ಲಿ ಬಾಗಿಲ ಮರೆಗೆ ನಿಂತುಬಿಟ್ಟೆ. ದೆಹಲಿಯವರ ಮುಂದೆ ಕೆಟ್ಟ ಟೀಚರಮ್ಮನ ಮುಖ ತೋರಿಸುವುದು ಹೇಗೆ? ಹೌದು ಕಣೋ, ನಾನು ಹಾಗೆಂದೇ ನಂಬಿದ್ದೆ. ನಿನ್ನ ಡಿಸೆಂಬರಿನ ಕಾಗದ ಬಂದಾಗಿನಿಂದ ಆ ಮಕ್ಕಳ ಮುಖ ನೋಡಲು ನನಗೆ ನಾಚಿಕೆ. ತಾಯಂದಿರು ನಗುತ್ತ ಮಗುವನ್ನು ನನ್ನ ಕೈಗೆ ಕೊಡುತ್ತಾರೆ, ಆದರೆ ಮನಸ್ಸಿನಲ್ಲಿ ಇವಳು ಕೈಲಾಗದವಳು ಎಂದುಕೊಳ್ಳುತ್ತಾರೆ ಎಂದೇ ತಿಳಿದು ಉಳಿದ ದಿನಗಳನ್ನು ತಳ್ಳಿದೆ. ಮುಚ್ಚುವ ಆರ್ಡರು ಬಂದಾಗ ಅಳು ಬಂತು, ಆದರೆ ಸರಿಯಾದದ್ದೇ ಆಯಿತು ಎಂದೂ ಅನಿಸಿತು. ನಿನಗೆ ಬರೆದರೆ ನಿನ್ನ ಸಂತೋಷಕ್ಕೆ ಕಲ್ಲು ಹಾಕಿದಂತಾಗುತ್ತದೆ ಎಂದು ಬರೆಯಲಿಲ್ಲ.

ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡದ್ದು ಇದು.

ಸುಂದರರಾಜ ರಂಗಮ್ಮನಿಗೆ ಶಿಶುವಿಹಾರ ಹೇಗಿತ್ತೆಂದು ಕೇಳಿದರು. "ಹೆಂಗಿತ್ತು ಅಂತೀರಲ್ಲ ಸ್ವಾಮಿ! ಅಮ್ಮಾರ ಕೈಲಿ ಉಂಡು ನನ್ ಮಗ ಗುಂಡ್ಕಲ್ ಆಗಿದ್ದ. ಈಗ ನೋಡಿ ಎಂಗವ್ನೆ" ಎಂದಳು. ಗುರುಸಿದ್ದಮ್ಮನವರು ಬಿಡಲಿಲ್ಲ. "ಮತ್ತೆ ಆ ಬರ್ಕಳೋ ಹುಡುಗನ ಮುಂದೆ ಮೂಳೆ ಚಕ್ಕಳ ಅಂದ್ಯಲ್ಲೇ?" ಎಂದರು. ರಂಗಮ್ಮ ಕೈಯಲ್ಲಿದ್ದ ಕೊಬ್ಬರಿ ಕೆಳಗಿಟ್ಟು, "ಅಲ್ಲ ಕಣ್ರವ್ವ, ಗುರುತು ಪರಿಚಯ ಇಲ್ದೋನು ಬಂದು ಬರ್ಕತಾ ಕುಂತವ್ನೆ, ಅವನ್ ಮುಂದೆ ನನ್ ಮಗ ದುಂಡಗವ್ನೆ ಅಂತ ಯಾವ ತಾಯಿ ಅಂತಾಳೆ? ಕಣ್ಣು ಬೀಳಾಕಿಲ್ವಾ?" ಎಂದಳು. ಸುಂದರರಾಜ ಆಗಲೇ ಬಸ್ಸಿನ ಕಡೆ ತಿರುಗಿದ್ದರು. ಇದು ಅವರ ಕಿವಿಗೆ ಬಿದ್ದಿರಲಿಕ್ಕಿಲ್ಲ.

ಅಂದು ಸೆರಗಿನೊಳಗೆ ಮಗುವನ್ನು ಮುಚ್ಚಿಕೊಂಡದ್ದು, ತಕ್ಕಡಿ ಕಂಡು ಎದ್ದು ಹೋದದ್ದು, ಎಲ್ಲವನ್ನೂ ಎದುರಿಗೇ ನಿಂತು ನೋಡಿದವಳು ನಾನು. ನಿನಗೆ ಬರೆದವಳೂ ನಾನು. ಅರ್ಥ ಮಾತ್ರ ಆಗಲಿಲ್ಲ. ನನ್ನ ಶಿಶುವಿಹಾರದ ಮಾತು ಬಂದ ಕೂಡಲೇ ನನ್ನ ನೋವೇ ನನಗೆ ದೊಡ್ಡದಾಯಿತು. ಶಿಶುವಿಹಾರ ಹೇಗೋ ನಡೆಯುತ್ತಿದೆ ಎಂದು ನಿನಗೆ ನಾನು ಬರೆದದ್ದೂ ಅದೇ ಜಾತಿಯ ಮಾತು. ಚೆನ್ನಾಗಿ ನಡೆಯುತ್ತಿತ್ತು ಸಂಪತ್ತು. ಬಹಳ ಚೆನ್ನಾಗಿ ನಡೆಯುತ್ತಿತ್ತು. ಬಾಯಲ್ಲಿ ಅಂದರೆ ಹೋಗಿಬಿಡುತ್ತದೆ ಎಂಬ ಹೆದರಿಕೆಗೆ ಅನ್ನಲಿಲ್ಲ.

ಇನ್ನು ಅಮ್ಮನ ವಿಷಯ. ನೀನು ಹುಟ್ಟುವುದಕ್ಕೆ ಮುಂಚೆ ನಮ್ಮ ಮನೆಯಲ್ಲಿ ಎರಡು ಗಂಡುಮಕ್ಕಳು ಹೋದವು. ಒಂದಕ್ಕೆ ಹೆಸರಿಡುವುದೂ ಆಗಲಿಲ್ಲ. ನಿನಗೆ ಇದನ್ನು ಯಾರೂ ಹೇಳಿಲ್ಲ, ಹೇಳಬಾರದೆಂದು ಅಮ್ಮನ ಕಟ್ಟಪ್ಪಣೆ. ನೀನು ಮೊದಲು ಬಂದ ದಿನ ಜಾನಕಮ್ಮನವರ ಮುಂದೆ ಮಂಕು ಎಂದವಳು, ಅವರು ಆಚೆ ಹೋದದ್ದೇ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ನೀನು ಮುಖ ಊದಿಸಿಕೊಂಡು ದೇವಸ್ಥಾನದ ಅಂಗಳಕ್ಕೆ ಹೋಗಿ ಕೂತಿದ್ದೆ. ಅಮ್ಮ ಒಲೆಯ ಮುಂದೆ ಒಬ್ಬಳೇ ನಗುತ್ತಿದ್ದಳು, ನಾನು ನೋಡಿದ್ದೇನೆ. ಇಷ್ಟು ವರ್ಷ ನೀನು ಅದನ್ನು ನಿಜವೆಂದೇ ಹೊತ್ತುಕೊಂಡಿದ್ದೀಯ ಎಂದು ನನಗೆ ಗೊತ್ತೇ ಇರಲಿಲ್ಲ.

ಸುಳ್ಳು ಯಾಕೆ ಹೇಳಿದಳು ಎಂದು ಕೇಳಿದೆಯಲ್ಲ. ಅವಳು ಸುಳ್ಳು ಹೇಳಲಿಲ್ಲ, ಮಗುವನ್ನು ಕಾಯುತ್ತಿದ್ದಳು.

ಸೊಂಟದ ಮೇಲೆ ಮಗು ಇಟ್ಟುಕೊಂಡಿದ್ದ ಹುಡುಗಿ ಮುದ್ದಿ. ಅವಳು ಶಾಲೆ ಬಿಟ್ಟಿದ್ದಾಳೆ.

ಇನ್ನೂ ಒಂದು ಇದೆ. ಶಿಶುವಿಹಾರ ಮುಚ್ಚಿಸಿದವರು ಯಾರೆಂದು ಹೆಂಗಸರು ಕೇಳಿದಾಗ, ಯಾರೋ ದೆಹಲಿಯವರು ಎಂದೆ. ಅವರು ನಿನ್ನನ್ನು ಬೈಯುವಾಗ ನಾನೂ ಜೊತೆಯಲ್ಲಿ ಕೂತು ಕೊಬ್ಬರಿ ಸುಲಿದಿದ್ದೇನೆ.

ಯದುಗಿರಿ


ದೆಹಲಿ
೧೪ ನವೆಂಬರ್ ೧೯೫೯

ಅಕ್ಕ,

ನಿನ್ನ ಕಾಗದ ಓದಿದ ದಿನ ಆಫೀಸಿಗೆ ಹೋಗಲಿಲ್ಲ. ಒಳಗಿನ ಕೋಣೆಯಲ್ಲಿ ಕೂತಿದ್ದೆ. ಪಕ್ಕದ ಮನೆಯವರು ನಮ್ಮ ಮಗಳ ಕೆನ್ನೆ ಹಿಂಡಿ ಎಷ್ಟು ಮುದ್ದಾಗಿದ್ದಾಳೆ ಎಂದರು. ನನ್ನ ಹೆಂಡತಿ ಕೂಡಲೇ, "ಎಲ್ಲಿ ಬಂತು, ಎರಡು ತುತ್ತೂ ತಿನ್ನಲ್ಲ" ಎಂದಳು. ಮಗಳು ಆಗ ತಾನೆ ತಟ್ಟೆ ಖಾಲಿ ಮಾಡಿ ಎದ್ದಿದ್ದಳು. ನನ್ನ ಮನೆಯಲ್ಲಿ, ನನ್ನ ಕಿವಿಗೆ ದಿನವೂ ಬೀಳುವ ಮಾತು. ಅದನ್ನೇ ಕಣಕಟ್ಟೆಯಿಂದ ತರಿಸಿ, ಹೋಲಿಸಿ, ಅಚ್ಚು ಹಾಕಿಸಿ ಒಂದು ಬಾಗಿಲಿಗೆ ಬೀಗ ಹಾಕಿಸಿದೆ. ಎಲ್ಲ ತಾಯಂದಿರೂ ಒಂದೇ ಮಾತು ಹೇಳಿದರೆಂದು ಬೀಗಿದೆನಲ್ಲ. ನಾಚಿಕೆಗೆ ಮುಖ ಎಲ್ಲಿಡಲಿ?

ಮರುದಿನ ನಿರ್ದೇಶಕರ ಹತ್ತಿರ ಹೋಗಿ ವರದಿಯನ್ನು ವಾಪಸ್ಸು ಪಡೆಯಬೇಕು ಎಂದೆ. ಅವರು ಬಾಗಿಲು ಮುಚ್ಚಿ ನನ್ನನ್ನು ಕೂರಿಸಿದರು. ದೃಷ್ಟಿ ತಾಗುತ್ತದೆ ಎಂಬ ಕಾರಣ ಬರೆದು ಸರ್ಕಾರಕ್ಕೆ ಕಳಿಸಿದರೆ ಸಂಸ್ಥೆಯನ್ನು ನೋಡಿ ನಗುತ್ತಾರೆ ಎಂದರು. ಕೊನೆಗೆ ಒಂದು ತಿದ್ದುಪಡಿ ಟಿಪ್ಪಣಿ ಬರೆಯಲು ಒಪ್ಪಿದರು. ಬರೆದೆ, ಕಳಿಸಿದೆ. ಮುಂದಿನ ವರ್ಷ ಪರಿಶೀಲಿಸುತ್ತೇವೆ ಎಂದು ಉತ್ತರ ಬಂತು. ಹೊಸದಾಗಿ ಅಧ್ಯಯನ ಮಾಡಬೇಕೆಂದೂ ಕೇಳಿದ್ದೇನೆ. ಈ ಸಲ ತಾಯಂದಿರನ್ನು ಕೇಳುವ ಮೊದಲು ಊರಿನಲ್ಲಿ ಕೆಲವು ತಿಂಗಳು ಇದ್ದು ನೋಡಬೇಕು. ಅದಕ್ಕೆ ಒಪ್ಪಿಗೆ ಸಿಕ್ಕಿಲ್ಲ.

ಅಮ್ಮನ ವಿಷಯ ಬರೆಯಲು ನನ್ನಿಂದ ಆಗುವುದಿಲ್ಲ. ಅವಳು ಸಾಯುವಾಗಲೂ ನನಗೆ ಒಳಗೊಳಗೇ ಮುನಿಸಿತ್ತು.

ಜನವರಿಯಲ್ಲಿ ರಜೆ ಹಾಕಿ ಬೇಲೂರಿಗೆ ಬರುತ್ತೇನೆ. ನಿನ್ನ ಕಾಲು ಹಿಡಿದು ತಪ್ಪಾಯಿತು ಎನ್ನದೆ ನನಗೆ ಸಮಾಧಾನವಿಲ್ಲ.

ಸಂಪತ್ತು


ಬೇಲೂರು
೬ ಡಿಸೆಂಬರ್ ೧೯೫೯

ಸಂಪತ್ತು,

ಬೇಲೂರಿಗೆ ಬರಬೇಡ.

ನನ್ನ ಹತ್ತಿರ ತಪ್ಪಾಯಿತು ಎನ್ನುವುದು ನಿನಗೆ ಸುಲಭ. ನಾನು ನಿನ್ನ ಅಕ್ಕ, ನೀನು ಬಾಯಿ ಬಿಡುವ ಮೊದಲೇ ಹೋಗಲಿ ಬಿಡು ಎಂದುಬಿಡುತ್ತೇನೆ. ಆಮೇಲೆ ಇಬ್ಬರೂ ಅತ್ತು, ಅತ್ತೆ ಮಾಡಿದ ಪುಳಿಯೋಗರೆ ತಿಂದು, ನೀನು ರೈಲು ಹತ್ತುತ್ತೀಯ. ಅದರಿಂದ ಯಾರಿಗೆ ಏನು ಬಂತು?

ಕಣಕಟ್ಟೆಗೆ ಹೋಗು. ರಂಗಮ್ಮನಿಗೆ ನೀನು ಯಾರೆಂದು ಹೇಳು. ನಾನು ಯಾರೆಂದೂ ಹೇಳು. ನನ್ನ ಬಾಯಿಂದ ಅದು ಬರುತ್ತಿಲ್ಲ, ಎರಡು ಸಲ ಬಸ್ ಸ್ಟ್ಯಾಂಡಿನವರೆಗೂ ಹೋಗಿ ತಿರುಗಿ ಬಂದೆ. ದೊಡ್ಡವಳಾಗಿ ಚಿಕ್ಕವನ ಮೇಲೆ ಹೊರೆ ಹಾಕುತ್ತಿದ್ದೇನೆ ಎಂಬುದೂ ನನಗೆ ಗೊತ್ತು.

ಹೋಗಿ ಬಂದ ಮೇಲೆ ಬರಿ.

ಯದುಗಿರಿ


ಅರಸೀಕೆರೆ ರೈಲ್ವೆ ಸ್ಟೇಷನ್
೨೨ ಜನವರಿ ೧೯೬೦

ಅಕ್ಕ,

ಪೂನಾ ಗಾಡಿ ಬರಲು ಇನ್ನೂ ಹೊತ್ತಿದೆ. ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾದರೆ ಬೆಂಚಿನ ತಪ್ಪಲ್ಲ, ತೋಳು ನೋಯುತ್ತಿದೆ.

ಬೆಳಿಗ್ಗೆ ಮೊದಲ ಬಸ್ಸಿಗೇ ಕಣಕಟ್ಟೆಗೆ ಹೋದೆ. ಹೆಂಗಸರು ಆಗಲೇ ಅಂಗಳದಲ್ಲಿ ಕೊಬ್ಬರಿ ಸುಲಿಯುತ್ತಿದ್ದರು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಅಲ್ಲಿ ನಿಂತಾಗ ಒಂದೂ ನೆನಪಿಗೆ ಬರಲಿಲ್ಲ. "ಶಿಶುವಿಹಾರ ಬೇಡ ಎಂದು ಬರೆದವನು ನಾನು. ಯದುಗಿರಿ ಅಮ್ಮನವರ ತಮ್ಮ" ಎಂದಷ್ಟೇ ಹೇಳಿದೆ.

ಎಲ್ಲರ ಕೈಯೂ ನಿಂತಿತು. ರಂಗಮ್ಮ ನನ್ನನ್ನು ತಲೆಯಿಂದ ಕಾಲಿನವರೆಗೂ ನೋಡಿದಳು.

"ಅಮ್ಮಾರ ಒಡಹುಟ್ಟಿದೋರಾ? ಅಮ್ಮಾರು ಯಾರೋ ದಿಲ್ಲಿಯೋರು ಅಂದಿದ್ರು."

"ಆ ದೆಹಲಿಯವನು ನಾನೇ. ಅಕ್ಕನಿಗೆ ಹೇಳಲು ನಾಚಿಕೆಯಾಯಿತು."

"ನಾವ್ ಕಣ್ಣು ಬೀಳ್ತದೆ ಅಂತ ಹಂಗಂದ್ರೆ, ನೀವು ಅಂಗೇ ಬರ್ಕಂಡ್ರಾ? ನಿಮ್ಮವ್ವ ಹಂಗೆ ಅಂತಿರ್ನಿಲ್ವಾ?"

"ಅಂತಿದ್ದಳು. ನನಗೆ ತಿಳಿಯಲಿಲ್ಲ. ತಪ್ಪಾಯಿತು" ಎಂದೆ. ಯಾರೂ ಬೈಯಲಿಲ್ಲ ಅಕ್ಕ. ಬೈಗುಳಕ್ಕೆ ಸಿದ್ಧನಾಗಿ ಹೋದವನಿಗೆ ಅದನ್ನೇ ತಡೆಯಲಾಗಲಿಲ್ಲ. ಒಬ್ಬ ಮುದುಕಿ ಮಾತ್ರ, "ಓದ್ದೋರು, ಪಾಪ" ಎಂದಳು.

"ಮತ್ತೆ ತೆರೀತಾರಾ?" ಎಂದು ರಂಗಮ್ಮ ಕೇಳಿದಳು. ಬರೆದಿದ್ದೇನೆ, ಈ ವರ್ಷ ಆಗುವ ಹಾಗೆ ಕಾಣುವುದಿಲ್ಲ ಎಂದೆ. ಅವಳು ಎದ್ದಳು. ಮಾವಿನ ಮರದ ಕೆಳಗೆ ನಿಂತಿದ್ದ ಮಗಳ ಸೊಂಟದಿಂದ ಮಗನನ್ನು ಕಿತ್ತುಕೊಂಡು ಬಂದು ನನ್ನ ತೋಳಿಗೆ ಹಾಕಿದಳು.

"ಹಂಗಾರೆ ಇವತ್ತೊಂದಿನ ನೀವ್ ನೋಡ್ಕಳಿ. ಇವ್ಳು ಇಸ್ಕೂಲ್ಗೆ ಹೋಗ್ಬರ್ಲಿ."

ಮುದ್ದಿ ಅವ್ವನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಇಬ್ಬರಲ್ಲಿ ಯಾರಾದರೂ ಮನಸ್ಸು ಬದಲಾಯಿಸುವ ಮೊದಲೇ ಸ್ಲೇಟು ತರಲು ಓಡಿದಳು. ಅವಳು ಹಾಗೆ ಓಡಿದ್ದನ್ನು ನೀನು ನೋಡಬೇಕಿತ್ತು.

ರೇವಣ ಮೊದಲು ಅತ್ತ. ಆಮೇಲೆ ನನ್ನ ಕನ್ನಡಕ ಕಿತ್ತ. ಆಮೇಲೆ ನನ್ನ ಕೋಟು ನೆನೆಸಿದ. "ಕೊಡ ಹಿಡ್ದಂಗೆ ಹಿಡೀಬ್ಯಾಡಿ ಸ್ವಾಮಿ, ಸೊಂಟಕ್ಕಿಟ್ಕಳಿ" ಎಂದು ಹೆಂಗಸರು ನಕ್ಕರು. ಇಟ್ಟುಕೊಂಡೆ, ಸ್ವಲ್ಪ ಹೊತ್ತಿಗೆ ಸೊಂಟ ಬಿದ್ದುಹೋಯಿತು. ತೆಂಗಿನ ತೋಟದಲ್ಲಿ ತಿರುಗಾಡಿಸಿದೆ, ಗುರುಸಿದ್ದಮ್ಮನವರು ಕಲಸಿಕೊಟ್ಟ ಮಜ್ಜಿಗೆ ಅನ್ನ ಉಣ್ಣಿಸಿದೆ, ಕೆಳಗೆ ಬಿಟ್ಟರೆ ಕತ್ತಿಯ ಹತ್ತಿರ ಹೋಗುತ್ತಿದ್ದ. ಬಿಡುವಂತಿಲ್ಲ, ಕೂರುವಂತಿಲ್ಲ, ಇನ್ನೊಂದು ಯೋಚನೆ ಮಾಡುವಂತಿಲ್ಲ. ಕೂಲಿಗೆ ಹೋಗುವ ತಾಯಂದಿರ ಬಗ್ಗೆ ಒಂದು ಪುಸ್ತಕದಷ್ಟು ಬರೆದವನು ಒಂದು ಮಗುವನ್ನು ಒಂದು ಹಗಲು ಹೊತ್ತು ನಿಂತದ್ದು ಇದೇ ಮೊದಲು. ನನ್ನ ಮಗಳನ್ನೂ ಹೀಗೆ ಹೊತ್ತಿಲ್ಲ.

ಸಂಜೆ ಮುದ್ದಿ ಬಂದಳು. ಮೇಷ್ಟ್ರು ಹಿಂದಿನ ಸಾಲಿನಲ್ಲಿ ಕೂರಿಸಿದರಂತೆ. "ಭಾಗಾಕಾರ ಶುರುವಾಗ್ಬುಟ್ಟೈತೆ, ನಂಗೆ ಗೊತ್ತಾಗ್ನಿಲ್ಲ" ಎಂದಳು. ಬೇಸರದ ಮುಖವೇನೂ ಇರಲಿಲ್ಲ. ಸ್ಲೇಟಿನಲ್ಲಿ ಎರಡು ಲೆಕ್ಕ ಬರೆದುಕೊಂಡು ಬಂದಿದ್ದಳು, ಅಳಿಸಿಹೋಗಬಾರದೆಂದು ಎದೆಗೆ ತಾಗಿಸದೆ ದೂರ ಹಿಡಿದುಕೊಂಡಿದ್ದಳು. ಮಗುವನ್ನು ಇನ್ನೊಂದು ತೋಳಿಗೆ ಬದಲಾಯಿಸಿ ಅವಳಿಗೆ ಭಾಗಾಕಾರ ಹೇಳಿಕೊಟ್ಟೆ. ಬೇಗ ಹಿಡಿದುಕೊಂಡಳು. ಬಸ್ಸಿನ ಹಾರನ್ ಕೇಳಿಸಿತು.

"ನಾಳೀಕೂ ಇರ್ತೀರಾ?" ಎಂದು ಕೇಳಿದಳು.

"ಇಲ್ಲಮ್ಮ" ಎಂದೆ.

ಅವಳು ಸ್ಲೇಟನ್ನು ಒಳಗಿಟ್ಟು ಬಂದು, ತಮ್ಮನನ್ನು ನನ್ನ ತೋಳಿನಿಂದ ಬಿಡಿಸಿ ಸೊಂಟಕ್ಕೆ ಹಾಕಿಕೊಂಡಳು.

ಸಂಪತ್ತು